ಕಾಲ ಬೇರೆ, ಕಣ ಬೇರೆ: ಆಟಗಾರರ ಹಿರಿಮೆ ಅಳೆದ ಬಗೆಗಳು

ಬೇರೆ ಬೇರೆ ಕಾಲದ ಇಬ್ಬರು ಆಟಗಾರರಲ್ಲಿ ಯಾರು ಹೆಚ್ಚು ಎಂಬ ವಾದ ಇಲ್ಲದ ಆಟವೇ ಇಲ್ಲ. ಕ್ರಿಕೆಟ್‌ನಲ್ಲಿ ಚಂದ್ರಶೇಖರ್ ಹೆಚ್ಚೋ ಕುಂಬ್ಳೆ ಹೆಚ್ಚೋ ಎಂದು ಕೇಳುತ್ತಾರೆ, ಬೇಸ್‌ಬಾಲ್‌ನಲ್ಲಿ ಬೇಬ್ ರೂತ್ ಹೆಚ್ಚೋ ಬ್ಯಾರಿ ಬಾಂಡ್ಸ್ ಹೆಚ್ಚೋ ಎಂದು ಕೇಳುತ್ತಾರೆ. ಇಬ್ಬರನ್ನೂ ಒಂದೇ ಕಣಕ್ಕೆ ಇಳಿಸಿ ನೋಡುವಂತಿಲ್ಲವಾದ್ದರಿಂದ ಅವರು ಬಿಟ್ಟುಹೋದ ಗುರುತುಗಳನ್ನೇ ಹೋಲಿಸಬೇಕು. ಆ ಗುರುತು ಒಂದು ಕಾಲದಲ್ಲಿ ಹಾಡಾಗಿತ್ತು, ಇನ್ನೊಂದು ಕಾಲದಲ್ಲಿ ಎತ್ತಿದ ಕಲ್ಲಾಗಿತ್ತು, ಈಗ ಅಂಕಿಯಾಗಿದೆ. ಈ ಮೂರೂ ಬಗೆಯ ಅಳತೆಗಳ ಕುರುಹು ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಸಿಗುತ್ತದೆ. ಸಂಡೂರು ತಾಲ್ಲೂಕಿನ ಕುರೆಕುಪ್ಪದ ನೆರೆಯಲ್ಲಿ, ತೋರಣಗಲ್ಲಿನ ಉಕ್ಕಿನ ಪಟ್ಟಣದಲ್ಲಿರುವ ಕ್ರೀಡಾ ತರಬೇತಿ ಕೇಂದ್ರ ಈ ಚರಿತ್ರೆಯ ಹೊಸ ಅಧ್ಯಾಯ.

ಹಾಡು ಮತ್ತು ಕಲ್ಲು

ಬರೆದಿಟ್ಟ ಲೆಕ್ಕ ಇಲ್ಲದ ಕಾಲದಲ್ಲಿ ಹಿರಿಮೆ ಉಳಿದದ್ದು ಜನರ ನೆನಪಿನಲ್ಲಿ. ಕಂಪ್ಲಿಯ ಕಂಪಿಲರಾಯನ ಮಗ ಕುಮಾರರಾಮ ದೆಹಲಿ ಸುಲ್ತಾನರ ಸೈನ್ಯದ ಎದುರು ಕಾದಾಡಿ ಮಡಿದವನು. ಕಂಪಿಲಿಯ ರಾಜ್ಯ 1327ರ ಹೊತ್ತಿಗೆ ಅಳಿಯಿತು. ಎರಡು ಶತಮಾನಗಳ ಅನಂತರ ನಂಜುಂಡ ಕವಿ ಅವನ ಕಥೆಯನ್ನು ಸಾಂಗತ್ಯದಲ್ಲಿ ಬರೆದ. ಜನಪದ ಹಾಡುಗಳಲ್ಲೂ ಅವನು ಗಂಡುಗಲಿಯಾಗಿಯೇ ಉಳಿದ. ಕಥೆಯ ತಿರುವು ಬರುವುದೇ ಒಂದು ಚೆಂಡಾಟದಿಂದ: ರಾಮ ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ, ಅದನ್ನು ತರಲು ಹೋದಾಗ ಅನಾಹುತ ಶುರುವಾಗುತ್ತದೆ. ಅವನು ಎಂಥ ಆಟಗಾರನಾಗಿದ್ದ, ಎದುರಾಳಿಗಳು ಯಾರು, ಎಷ್ಟು ಸಲ ಗೆದ್ದ ಎಂಬುದು ಕಥೆಗೆ ಬೇಕಿಲ್ಲ. ಹಾಡು ಒಬ್ಬನನ್ನು ಎತ್ತಿ ನಿಲ್ಲಿಸುತ್ತದೆ, ಇನ್ನೊಬ್ಬನ ಪಕ್ಕದಲ್ಲಿಟ್ಟು ತೂಗುವುದಿಲ್ಲ. ಊರೂರಿನ ವೀರಗಲ್ಲುಗಳ ರೀತಿಯೂ ಇದೇ. ಯಾರು, ಯಾವ ಕಾಳಗದಲ್ಲಿ, ಯಾತಕ್ಕಾಗಿ ಬಿದ್ದ ಎಂಬುದು ಅಲ್ಲಿ ಕೆತ್ತಿರುತ್ತದೆ. ಪಕ್ಕದ ಊರಿನ ವೀರನಿಗಿಂತ ಇವನು ಹೆಚ್ಚೋ ಕಡಿಮೆಯೋ ಎಂಬುದು ಇರುವುದಿಲ್ಲ.

ತಲೆಮಾರುಗಳನ್ನು ನೇರವಾಗಿ ತೂಗಿ ನೋಡುವ ಹಳೆಯ ಸಾಧನವೆಂದರೆ ಗುಂಡುಗಲ್ಲು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಗಳ ಹೊತ್ತಿಗೆ ಗುಂಡು ಎತ್ತುವ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳು ನಡೆಯುತ್ತ ಬಂದಿವೆ. ಕಲ್ಲು ಊರಿನದು, ಅಜ್ಜ ಎತ್ತಿದ್ದನ್ನೇ ಮೊಮ್ಮಗ ಎತ್ತುತ್ತಾನೆ. ಅದರ ತೂಕ ಬದಲಾಗುವುದಿಲ್ಲ, ಎದುರಾಳಿ ಎಂಬುವನು ಇರುವುದಿಲ್ಲ, ತೀರ್ಪುಗಾರನ ಒಲವಿಗೆ ಹೆಚ್ಚು ಎಡೆಯಿಲ್ಲ. ಕಾಲ ಕಾಲದ ಹೋಲಿಕೆಗೆ ಇದಕ್ಕಿಂತ ಗಟ್ಟಿಯಾದ ಅಳತೆ ಹಳ್ಳಿಯಲ್ಲಿ ಇರಲಿಲ್ಲ. ಆದರೂ ಅದು ಹೇಳುವುದು ತೋಳು, ಸೊಂಟದ ಬಲವನ್ನು ಮಾತ್ರ. ಬರಗಾಲದಲ್ಲಿ ಜೋಳದ ರೊಟ್ಟಿಗೂ ತತ್ವಾರವಿದ್ದ ವರ್ಷ ಎತ್ತಿದವನಿಗೂ ಹಾಲು, ಬಾದಾಮಿ ಉಂಡು ಸಾಮು ಮಾಡಿ ಎತ್ತಿದವನಿಗೂ ಕಲ್ಲು ಒಂದೇ ಲೆಕ್ಕ ಹಿಡಿಯುತ್ತದೆ. ಅಳತೆಗೋಲು ಬದಲಾಗದಿದ್ದರೂ ಅಳೆಸಿಕೊಳ್ಳುವವರ ಪರಿಸ್ಥಿತಿ ಬದಲಾಗಿರುತ್ತದೆ.

ಮಲ್ಲರ ಕಣ

ಕುಸ್ತಿಯಲ್ಲಿ ಈ ತೊಡಕಿಗೆ ಬೇರೊಂದು ಉತ್ತರ ಹುಡುಕಿದರು: ಸರಿಸಮಾನರನ್ನು ಆರಿಸಿ ಎದುರುಬದುರು ನಿಲ್ಲಿಸುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯ ಮೀಸಲಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಲಾಗಿದೆ. ಅವರು ಮಾಡಬೇಕಾದ ವ್ಯಾಯಾಮ, ಅರಮನೆಯಿಂದ ಅವರಿಗೆ ಸಲ್ಲಬೇಕಾದ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಯ ವಿವರವೂ ಇದೆ. ಎಳೆಯ ಮಲ್ಲನನ್ನು ಪಳಗಿದ ಮಲ್ಲನ ಜೊತೆ ಹೋಲಿಸಬಾರದೆಂಬ ತಿಳಿವಳಿಕೆ ಆಗಲೇ ಶಾಸ್ತ್ರವಾಗಿತ್ತು.

ವಿಜಯನಗರದ ಕಾಲಕ್ಕೆ ಕುಸ್ತಿ ರಾಜೋತ್ಸವದ ಭಾಗ. ಹಂಪಿಯ ಮಹಾನವಮಿ ದಿಬ್ಬದ ಸುತ್ತಣ ಉಬ್ಬುಶಿಲ್ಪಗಳಲ್ಲಿ ಆನೆ, ಕುದುರೆ, ಬೇಟೆ, ಕುಣಿತಗಳ ನಡುವೆ ಮಲ್ಲರೂ ಇದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಕುಸ್ತಿಯನ್ನು ಕಂಡು ಬರೆದಿದ್ದಾನೆ. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಹೊಡೆತಗಳಿದ್ದವೆಂದೂ ಸೋತವರನ್ನು ಮಾತಿಲ್ಲದ ಸ್ಥಿತಿಯಲ್ಲಿ ಗೆಳೆಯರು ಹೊತ್ತೊಯ್ಯುತ್ತಿದ್ದರೆಂದೂ ಅವನು ತಿಳಿಸುತ್ತಾನೆ. ಕಣದಲ್ಲಿ ಇಬ್ಬರನ್ನೂ ಸಮನಾಗಿ ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರು ಎಂಬುದೂ ಅದೇ ಬರಹದಲ್ಲಿದೆ. ರಾಯನೇ ಬೆಳಗಿನ ಸಾಮಿನಲ್ಲಿ ತನ್ನ ಮಲ್ಲರಲ್ಲೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದನೆಂದೂ ಪಾಯಸ್ ಹೇಳುತ್ತಾನೆ.

ಇಂದಿಗೂ ಜಾತ್ರೆಯ ಕುಸ್ತಿಯಲ್ಲಿ ಪಂಚರು ಪೈಲ್ವಾನರ ಮೈ, ವಯಸ್ಸು, ಪಳಗಿದ ಮಟ್ಟ ನೋಡಿ ಜೋಡಿ ಕಟ್ಟುತ್ತಾರೆ. ಪಂದ್ಯಾವಳಿಗಳಲ್ಲಿ ಆ ಕೆಲಸವನ್ನು ತೂಕದ ವರ್ಗಗಳು ಮಾಡುತ್ತವೆ. ಆದರೆ ಮಹಾನವಮಿಯ ತೀರ್ಪುಗಾರರ ಕೈಗೆ ಸಿಕ್ಕಿದ್ದು ಆ ದಿನ ಕಣಕ್ಕೆ ಇಳಿದವರು ಮಾತ್ರ. ಹೋದ ತಲೆಮಾರಿನ ಮಲ್ಲನನ್ನು ಈ ತಲೆಮಾರಿನವನ ಎದುರು ಸಮನಾಗಿ ನಿಲ್ಲಿಸುವ ತೀರ್ಪುಗಾರ ಯಾವ ಅರಮನೆಯಲ್ಲೂ ಇರಲಿಲ್ಲ. ಆ ಕೆಲಸಕ್ಕೆ ಅಂಕಿಗಳು ಬೇಕಾದವು.

ಅಂಕಿಗಳನ್ನು ನೆಚ್ಚಿದ ಆಟ

ಅಂಕಿಗಳ ಮೇಲೆ ಈ ವಾದವನ್ನು ಮೊದಲು ಕಟ್ಟಿದ್ದು ಅಮೆರಿಕದ ಬೇಸ್‌ಬಾಲ್. ಇಂಗ್ಲೆಂಡಿನಲ್ಲಿ ಹುಟ್ಟಿ ಕ್ರಿಕೆಟ್ ವರದಿ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್ 1850ರ ದಶಕದ ಕೊನೆಗೆ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಬೇಸ್‌ಬಾಲ್ ಪಂದ್ಯದ ಅಂಕಪಟ್ಟಿಯನ್ನು ರೂಢಿಗೆ ತಂದ. ಒಂದೂವರೆ ಶತಮಾನದ ಲೆಕ್ಕ ಹೀಗೆ ಕೂಡಿಬಿತ್ತು. ಲೆಕ್ಕ ಇದ್ದುದರಿಂದಲೇ ಅದು ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದೂ ಮೊದಲು ಅಲ್ಲಿಯೇ ಕಂಡಿತು.

ಆ ಆಟದಲ್ಲಿ ಕ್ರಿಕೆಟ್ಟಿನ ಸಿಕ್ಸರಿಗೆ ಹತ್ತಿರವಾದದ್ದು ಹೋಮ್ ರನ್. 1920ರಲ್ಲಿ ಬೇಬ್ ರೂತ್ 54 ಹೋಮ್ ರನ್ ಹೊಡೆದ. ಅವನಿದ್ದ ಅಮೆರಿಕನ್ ಲೀಗಿನಲ್ಲಿ ಎರಡನೆಯ ಸ್ಥಾನ ಪಡೆದ ಜಾರ್ಜ್ ಸಿಸ್ಲರನದು 19. ಆ ಲೀಗಿನ ಬೇರೆ ಯಾವ ತಂಡವೂ ಇಡೀ ತಂಡವಾಗಿ 54 ಮುಟ್ಟಲಿಲ್ಲ. 1961ರಲ್ಲಿ ಮಿಕ್ಕಿ ಮ್ಯಾಂಟಲ್ ಕೂಡ ಅದೇ 54 ಹೊಡೆದ, ಆದರೆ ಅವನ ಸ್ಥಾನ ಎರಡನೆಯದು. ಅದೇ ತಂಡದ ರೋಜರ್ ಮಾರಿಸ್ 61 ಹೊಡೆದಿದ್ದ. 2001ರಲ್ಲಿ ಬ್ಯಾರಿ ಬಾಂಡ್ಸ್ 73 ಹೊಡೆದಾಗ ಸ್ಯಾಮಿ ಸೋಸಾನ ಲೆಕ್ಕ 64. ಅಂಕಿಯನ್ನಷ್ಟೇ ನೋಡಿದರೆ ಬಾಂಡ್ಸ್ ಮುಂದೆ. ಜೊತೆಯವರನ್ನು ಎಷ್ಟು ಹಿಂದೆ ಹಾಕಿದರು ಎಂದು ನೋಡಿದರೆ ರೂತ್ ಬಹಳ ಮುಂದೆ.

ನಿಯಮ ಬದಲಾದಾಗ ಅಂಕಿಯ ಅರ್ಥವೂ ಬದಲಾಗುತ್ತದೆ. 1930ರಲ್ಲಿ ನ್ಯಾಷನಲ್ ಲೀಗಿನ ಎಲ್ಲ ಬ್ಯಾಟರುಗಳ ಒಟ್ಟು ಸರಾಸರಿ 0.303. ಅಂದರೆ ಹತ್ತು ಯತ್ನಗಳಲ್ಲಿ ಮೂರು ಸಲ ಚೆಂಡನ್ನು ಸರಿಯಾಗಿ ಬಾರಿಸಿ ಬೇಸ್ ಮುಟ್ಟುವುದು ಅಲ್ಲಿ ಸಾಧಾರಣ ಮಾತಾಗಿತ್ತು. 1968ರಲ್ಲಿ ಅಮೆರಿಕನ್ ಲೀಗಿನ ಅತ್ಯುತ್ತಮ ಬ್ಯಾಟರ್ ಕಾರ್ಲ್ ಯಸ್ಟ್ರೆಮ್‌ಸ್ಕಿಯ ಸರಾಸರಿ 0.301. ಒಂದು ಕಾಲದ ಸರಾಸರಿ ಆಟಗಾರನ ಅಂಕಿ ಇನ್ನೊಂದು ಕಾಲದ ಅಗ್ರಸ್ಥಾನಿಯದಕ್ಕಿಂತ ಹೆಚ್ಚಿತ್ತು. 1968 ಚೆಂಡೆಸೆತಗಾರರ ವರ್ಷ. ಮರುವರ್ಷವೇ ಅವರು ನಿಂತು ಎಸೆಯುವ ದಿಣ್ಣೆಯ ಎತ್ತರವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಲಾಯಿತು.

ಆಡಲು ಯಾರಿಗೆ ಬಿಟ್ಟರು ಎಂಬುದು ಇನ್ನೂ ದೊಡ್ಡ ಪ್ರಶ್ನೆ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಕಣಕ್ಕಿಳಿಯುವ ತನಕ ಇಪ್ಪತ್ತನೆಯ ಶತಮಾನದ ಪ್ರಮುಖ ಲೀಗುಗಳಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. ರೂತ್ ಎದುರಿಸಿದ್ದು ದೇಶದ ಎಲ್ಲ ಒಳ್ಳೆಯ ಎಸೆತಗಾರರನ್ನಲ್ಲ, ಬಿಳಿಯರಲ್ಲಿ ಒಳ್ಳೆಯವರನ್ನು. ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೋ ಲೀಗುಗಳ ಲೆಕ್ಕವನ್ನು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿಸಿಕೊಂಡಾಗ ಜೋಶ್ ಗಿಬ್ಸನ್ 0.372 ಸರಾಸರಿಯೊಂದಿಗೆ ಟೈ ಕಾಬ್‌ನನ್ನು ದಾಟಿ ಪಟ್ಟಿಯ ತುದಿಗೆ ಬಂದ. ಆಗ ಇಬ್ಬರೂ ಸತ್ತು ಅರ್ಧ ಶತಮಾನಕ್ಕೂ ಹೆಚ್ಚಾಗಿತ್ತು.

ಇಂಥ ತೊಡಕುಗಳನ್ನು ಬಿಡಿಸಲು ಎರಡು ವಿಚಾರಗಳು ಬೆಳೆದವು. ವಿಜ್ಞಾನ ಲೇಖಕ ಸ್ಟೀಫನ್ ಜೇ ಗೌಲ್ಡ್ ಎತ್ತಿಕೊಂಡದ್ದು, 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಗಳಿಸಿದ ಮೇಲೆ ಅಮೆರಿಕನ್, ನ್ಯಾಷನಲ್ ಲೀಗುಗಳಲ್ಲಿ ಯಾರೂ 0.400 ಮುಟ್ಟಿಲ್ಲವೇಕೆ ಎಂಬ ಪ್ರಶ್ನೆಯನ್ನು. ಬ್ಯಾಟರುಗಳು ಕುಗ್ಗಿದ್ದರಿಂದ ಹೀಗಾಗಿಲ್ಲ, ಎಲ್ಲರ ಮಟ್ಟವೂ ಏರಿ ಅತ್ಯುತ್ತಮರಿಗೂ ಸಾಧಾರಣರಿಗೂ ನಡುವಿನ ಅಂತರ ಕಿರಿದಾದದ್ದರಿಂದ ಹೀಗಾಗಿದೆ ಎಂದು ಅವನು ವಾದಿಸಿದ. ಅಂಕಿಅಂಶ ಲೇಖಕ ಬಿಲ್ ಜೇಮ್ಸ್ 1985ರ ತನ್ನ ಚರಿತ್ರೆಯ ಹೊತ್ತಗೆಯಲ್ಲಿ ಆಟಗಾರನ ಬೆಲೆಯನ್ನು ಎರಡಾಗಿ ಒಡೆದ: ಉಚ್ಛ್ರಾಯದ ಕೆಲವು ವರ್ಷಗಳಲ್ಲಿ ಮುಟ್ಟಿದ ಎತ್ತರ ಒಂದು, ಇಡೀ ಆಟದ ಬದುಕಿನಲ್ಲಿ ಕೂಡಿಟ್ಟದ್ದು ಇನ್ನೊಂದು. ಅಲ್ಲಿಂದೀಚೆಗೆ ಬಳಕೆಗೆ ಬಂದ ಬಹುಪಾಲು ಸೂಚ್ಯಂಕಗಳು ಆಟಗಾರನನ್ನು ಅವನದೇ ವರ್ಷದ, ಅವನದೇ ಲೀಗಿನ ಸರಾಸರಿಯ ಪಕ್ಕದಲ್ಲಿ ಇಟ್ಟು ಅಳೆಯುತ್ತವೆ.

ಕರ್ನಾಟಕದ ಮೂವರು ಸ್ಪಿನ್ನರುಗಳು

ಕರ್ನಾಟಕದಲ್ಲಿ ಈ ವಾದ ಹೆಚ್ಚು ಕಾವೇರಿರುವುದು ಕ್ರಿಕೆಟ್‌ನಲ್ಲಿ, ಅದರಲ್ಲೂ ಸ್ಪಿನ್ ಬೌಲಿಂಗ್‌ನಲ್ಲಿ. ಇ.ಎ.ಎಸ್. ಪ್ರಸನ್ನ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದರು. ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242, ಅನಿಲ್ ಕುಂಬ್ಳೆ 132 ಟೆಸ್ಟ್‌ಗಳಲ್ಲಿ 619 ಪಡೆದರು. ಒಟ್ಟು ಲೆಕ್ಕದಲ್ಲಿ ಕುಂಬ್ಳೆ ಉಳಿದಿಬ್ಬರೂ ಕೂಡಿದ್ದಕ್ಕಿಂತ ಮುಂದಿದ್ದಾರೆ. ಒಂದು ವಿಕೆಟ್‌ಗೆ ಕೊಟ್ಟ ರನ್ ನೋಡಿದರೆ ಪ್ರಸನ್ನ 30.38, ಚಂದ್ರಶೇಖರ್ 29.74, ಕುಂಬ್ಳೆ 29.65, ಮೂವರ ನಡುವೆ ಒಂದು ರನ್ನಿನ ಅಂತರವೂ ಇಲ್ಲ. ಮೊದಲ 100 ವಿಕೆಟ್‌ಗೆ ಪ್ರಸನ್ನ ತೆಗೆದುಕೊಂಡದ್ದು 20 ಟೆಸ್ಟ್, ಕುಂಬ್ಳೆ 21.

ಒಟ್ಟು ವಿಕೆಟ್‌ಗಳ ಅಂತರಕ್ಕೆ ಮೊದಲ ಕಾರಣ ಆಡಿದ ಪಂದ್ಯಗಳ ಸಂಖ್ಯೆ. 1962ರಲ್ಲಿ ಟೆಸ್ಟ್ ಆಡತೊಡಗಿದ ಪ್ರಸನ್ನ ಎಂಜಿನಿಯರಿಂಗ್ ಓದು ಮುಗಿಸಲು ಆಟ ಬಿಟ್ಟು 1967ರಲ್ಲಿ ತಂಡಕ್ಕೆ ಮರಳಿದರು. ಆಟವೇ ಜೀವನೋಪಾಯವಾಗದ ಕಾಲದ ತೀರ್ಮಾನ ಅದು. ಎರಡನೆಯ ಕಾರಣ ಪಾಲುದಾರರು. ಪ್ರಸನ್ನ, ಚಂದ್ರಶೇಖರ್ ಇಬ್ಬರೂ ಬಿಷನ್ ಸಿಂಗ್ ಬೇಡಿ, ವೆಂಕಟರಾಘವನ್ ಜೊತೆ ವಿಕೆಟ್ ಹಂಚಿಕೊಳ್ಳಬೇಕಿತ್ತು. ಈ ನಾಲ್ವರ ಒಟ್ಟು 853. ತಂಡದಲ್ಲಿ ಜಾಗ ಸಿಗುವುದೇ ಪೈಪೋಟಿಯಾಗಿತ್ತು. ಹಾಗೆಂದು ಹಂಚಿಕೆ ಬರೀ ನಷ್ಟವಲ್ಲ. ಎರಡೂ ತುದಿಯಿಂದ ಒತ್ತಡ ಬಿದ್ದಾಗ ಒಬ್ಬನ ಶ್ರಮದ ಫಲ ಇನ್ನೊಬ್ಬನ ಖಾತೆಗೆ ಬೀಳುವುದುಂಟು. 1990ರ ದಶಕದಲ್ಲಿ ಕುಂಬ್ಳೆಯ ಮೇಲೆ ಬಿದ್ದ ಹೊರೆ ದೊಡ್ಡದು, ಸಿಕ್ಕ ಓವರುಗಳೂ ಹೆಚ್ಚು.

ಮೂರನೆಯ ಕಾರಣ ವೈದ್ಯ. ಕುಂಬ್ಳೆ 2001ರ ಆಸುಪಾಸಿನಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿ ಬಂದರು. ಅವರ ಅರ್ಧಕ್ಕಿಂತ ಹೆಚ್ಚು ಟೆಸ್ಟ್ ವಿಕೆಟ್‌ಗಳು ಬಂದದ್ದು ಆಮೇಲೆ. ಬೇಸ್‌ಬಾಲ್‌ನಲ್ಲಿ ಇದಕ್ಕೆ ಜೋಡಿ ಉದಾಹರಣೆಯಿದೆ. ಎಸೆತಗಾರ ಸ್ಯಾಂಡಿ ಕೋಫ್ಯಾಕ್ಸ್ 1966ರಲ್ಲಿ, 30ನೆಯ ವಯಸ್ಸಿಗೆ, ಮೊಣಕೈ ನೋವಿನಿಂದ ಆಟ ಬಿಟ್ಟ. 1974ರಲ್ಲಿ ವೈದ್ಯ ಫ್ರ್ಯಾಂಕ್ ಜೋಬ್ ಹೊಸ ಬಗೆಯ ಶಸ್ತ್ರಚಿಕಿತ್ಸೆಯಿಂದ ಟಾಮಿ ಜಾನ್ ಎಂಬ ಎಸೆತಗಾರನ ಮೊಣಕೈ ಸರಿಪಡಿಸಿದ. ಆತ ತನ್ನ 288 ಗೆಲುವುಗಳಲ್ಲಿ 164ನ್ನು ಆಮೇಲೆ ಗಳಿಸಿದ. ಇಡೀ ಬದುಕಿನ ಲೆಕ್ಕದಲ್ಲಿ ಆಟಗಾರನ ಕಸುವಿನ ಜೊತೆ ಅವನ ಕಾಲದ ವೈದ್ಯಶಾಸ್ತ್ರವೂ ಸೇರಿರುತ್ತದೆ.

ನಾಲ್ಕನೆಯದು ತೀರ್ಪು. ಮುಂಗಾಲು ಚಾಚಿ ಆಡಿದ ಬ್ಯಾಟರನ್ನು ಎಲ್‌ಬಿಡಬ್ಲ್ಯು ಕೊಡಲು ಅಂಪೈರುಗಳು ಹಿಂಜರಿಯುತ್ತಿದ್ದ ಕಾಲದಲ್ಲಿ ಪ್ರಸನ್ನ, ಚಂದ್ರಶೇಖರ್ ಬೌಲ್ ಮಾಡಿದರು. ಅಂಪೈರ್ ತೀರ್ಪನ್ನು ತಂತ್ರಜ್ಞಾನದಿಂದ ಮರುಪರಿಶೀಲಿಸುವ ಪದ್ಧತಿ ಟೆಸ್ಟ್‌ನಲ್ಲಿ ಮೊದಲು ಪ್ರಯೋಗವಾದದ್ದು 2008ರಲ್ಲಿ, ಭಾರತದ ಶ್ರೀಲಂಕಾ ಪ್ರವಾಸದಲ್ಲಿ. ಆಗ ಭಾರತದ ನಾಯಕ ಕುಂಬ್ಳೆ, ಅದು ಅವರ ಟೆಸ್ಟ್ ಆಟದ ಕೊನೆಯ ವರ್ಷ. ಪ್ಯಾಡಿಗೆ ಬಡಿದ ಚೆಂಡಿನ ದಾರಿಯನ್ನು ಯಂತ್ರ ತೋರಿಸಿದ ಮೇಲೆ ಸ್ಪಿನ್ನರುಗಳಿಗೆ ಸಿಗತೊಡಗಿದ ಲಾಭ ಮೂವರಿಗೂ ಬಹುಮಟ್ಟಿಗೆ ದಕ್ಕಲಿಲ್ಲ.

ಒಟ್ಟು ಲೆಕ್ಕಕ್ಕೆ ಸಿಗದ ಇನ್ನೊಂದು ಅಳತೆಯೆಂದರೆ ಪಂದ್ಯ ತಿರುಗಿಸಿದ ಗಳಿಗೆ. ಬಾಲ್ಯದಲ್ಲಿ ಪೋಲಿಯೊ ತಗುಲಿದ ಬಲಗೈಯಲ್ಲೇ ಬೌಲ್ ಮಾಡಿದ ಚಂದ್ರಶೇಖರ್ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದರು. ಇಂಗ್ಲೆಂಡಿನಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವೂ ಮೊದಲ ಸರಣಿ ಗೆಲುವೂ ಅದರಿಂದ ಬಂದವು. ಕುಂಬ್ಳೆ 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಪಡೆದರು. ಅದಕ್ಕೂ ಮುಂಚೆ ಟೆಸ್ಟ್‌ನಲ್ಲಿ ಹಾಗೆ ಮಾಡಿದ್ದವನು 1956ರ ಜಿಮ್ ಲೇಕರ್ ಒಬ್ಬನೇ.

ಬ್ಯಾಟಿಂಗ್‌ನಲ್ಲಿ ಜಿ.ಆರ್. ವಿಶ್ವನಾಥ್ ಮತ್ತು ರಾಹುಲ್ ದ್ರಾವಿಡ್ ಹೋಲಿಕೆ ಇದೇ ಪಾಠ ಹೇಳುತ್ತದೆ. ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 41.93ರ ಸರಾಸರಿಯಲ್ಲಿ 6,080 ರನ್, ದ್ರಾವಿಡ್ 164 ಟೆಸ್ಟ್‌ಗಳಲ್ಲಿ 52.31ರ ಸರಾಸರಿಯಲ್ಲಿ 13,288 ರನ್ ಗಳಿಸಿದರು. ಸರಾಸರಿಯ ಹತ್ತು ರನ್ನಿನ ಅಂತರ ಸಣ್ಣದಲ್ಲ. ಆದರೆ 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ ಭಾರತ ಗಳಿಸಿದ 190ರಲ್ಲಿ 97 ವಿಶ್ವನಾಥರದು. ಅವರು ಔಟಾಗಲಿಲ್ಲ, ತಲೆಗೆ ಹೆಲ್ಮೆಟ್ಟೂ ಇರಲಿಲ್ಲ. ಶತಕಗಳ ಪಟ್ಟಿಯಲ್ಲಿ ಆ ಇನಿಂಗ್ಸಿಗೆ ಜಾಗವಿಲ್ಲ.

ಆಸ್ಟ್ರೇಲಿಯದ ಅಂಕಿಅಂಶ ತಜ್ಞ ಚಾರ್ಲ್ಸ್ ಡೇವಿಸ್ ಆಟಗಳ ಗಡಿಯನ್ನೇ ದಾಟಿ ಹೋಲಿಸಲು ಹೊರಟವನು. ಒಬ್ಬ ಆಟಗಾರ ತನ್ನ ಆಟದವರ ಸರಾಸರಿಗಿಂತ ಎಷ್ಟು ‘ಪ್ರಮಾಣ ವಿಚಲನೆ’ ಮೇಲಿದ್ದಾನೆ ಎಂಬುದು ಅವನ ಅಳತೆ. ಎಲ್ಲರ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿಕೊಂಡಿವೆ ಎಂಬುದನ್ನೇ ಅದು ಏಕಮಾನವಾಗಿ ಬಳಸುತ್ತದೆ. 99.94 ಸರಾಸರಿಯ ಡಾನ್ ಬ್ರಾಡ್ಮನ್‌ಗೆ 4.4, ಫುಟ್‌ಬಾಲಿನ ಪೆಲೆಗೆ 3.7, ಬೇಸ್‌ಬಾಲಿನ ಟೈ ಕಾಬ್‌ಗೆ 3.6 ಬಂತು. ಗೌಲ್ಡ್‌ನ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ: ಆಟ ಎಳೆಯದಾಗಿದ್ದಾಗ ಅಥವಾ ಆಡುವವರು ಕಡಿಮೆಯಿದ್ದಾಗ ಜೊತೆಯವರನ್ನು ಬಹುದೂರ ಹಿಂದೆ ಹಾಕುವುದು ಸುಲಭ.

ಅಂಗಳ ಬದಲಾದ ಆಟಗಳು

ಕೆಲವು ಆಟಗಳಲ್ಲಿ ಬದಲಾವಣೆ ಎಷ್ಟು ದೊಡ್ಡದೆಂದರೆ ಅಂಕಿಗಳನ್ನು ಅಕ್ಕಪಕ್ಕ ಇಡಲೂ ಆಗುವುದಿಲ್ಲ. ಪ್ರಕಾಶ್ ಪಡುಕೋಣೆ 1980ರಲ್ಲಿ ಲೀಮ್ ಸ್ವೀ ಕಿಂಗ್‌ನನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದಾಗ ಸರ್ವ್ ಮಾಡಿದವನಿಗೆ ಮಾತ್ರ ಅಂಕ ಸಿಗುತ್ತಿತ್ತು. 2006ರಿಂದ ಪ್ರತಿ ರ್‍ಯಾಲಿಗೂ ಅಂಕ, ಗೇಮ್ 21ಕ್ಕೆ. ತಾಳ್ಮೆಯಿಂದ ಸರ್ವ್ ಮರಳಿ ಪಡೆದು ಕಟ್ಟುವ ಹಳೆಯ ಆಟದ ಜಾಗದಲ್ಲಿ ಪ್ರತಿ ತಪ್ಪಿಗೂ ದಂಡ ತೆರುವ ಆಟ ಬಂತು.

ಹಾಕಿಯಲ್ಲಿ ನೆಲವೇ ಬದಲಾಯಿತು. ಒಲಿಂಪಿಕ್ಸ್ ಹಾಕಿ ಕೃತಕ ಹುಲ್ಲಿಗೆ ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಕೊಡಗಿನ ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದ್ದು ಸಹಜ ಹುಲ್ಲಿನ ಮೇಲೆ. ಐದೇ ವರ್ಷಗಳಲ್ಲಿ, ಕೊಡಗಿನವರೇ ಆದ ಎಂ.ಎಂ. ಸೋಮಯ್ಯ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಕೃತಕ ಅಂಗಳದಲ್ಲಿ. ಹುಲ್ಲಿನಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ಸಾಗುವ ಕೈಚಳಕಕ್ಕೆ ಬೆಲೆಯಿತ್ತು. ನಯವಾದ ಅಂಗಳದಲ್ಲಿ ವೇಗ, ದಮ್ಮು ಮತ್ತು ದೂರದ ಪಾಸ್‌ಗಳ ಬೆಲೆ ಏರಿತು. ಒಂದೇ ಜಿಲ್ಲೆಯ, ಹೆಚ್ಚುಕಡಿಮೆ ಒಂದೇ ಕಾಲದ ಆಟಗಾರರಲ್ಲೂ ಇಷ್ಟು ಅಂತರ ಇರಬಹುದಾದರೆ, ಧ್ಯಾನ್ ಚಂದ್ ಅವರನ್ನು ಇಂದಿನವರ ಜೊತೆ ಗೋಲುಗಳ ಲೆಕ್ಕದಲ್ಲಿ ಹೋಲಿಸುವುದಕ್ಕೆ ಆಧಾರವೇ ಉಳಿಯುವುದಿಲ್ಲ.

ಈಟಿ: ಅಳತೆಪಟ್ಟಿಯೂ ಸಾಲದ ಕಡೆ

ಮೀಟರು, ಸೆಕೆಂಡುಗಳಲ್ಲಿ ಅಳೆಯುವ ಅಥ್ಲೆಟಿಕ್ಸ್‌ನಲ್ಲಾದರೂ ಹೋಲಿಕೆ ಸಲೀಸು ಎಂದುಕೊಳ್ಳುವಂತಿಲ್ಲ; ಜಾವೆಲಿನ್ ಎಸೆತದ ಚರಿತ್ರೆಯೇ ಅದಕ್ಕೆ ಸಾಕ್ಷಿ. ಗಂಡಸರ ಜಾವೆಲಿನ್ ತೂಕ 800 ಗ್ರಾಂ, ಅದು ಬದಲಾಗಿಲ್ಲ. ಮೊದಲ ಅಧಿಕೃತ ವಿಶ್ವದಾಖಲೆ ಸ್ವೀಡನ್ನಿನ ಎರಿಕ್ ಲೆಮಿಂಗ್‌ನದು, 1912ರಲ್ಲಿ 62.32 ಮೀಟರ್. 1953ರಲ್ಲಿ ಅಮೆರಿಕದ ಬಡ್ ಹೆಲ್ಡ್ ಗಾಳಿಯಲ್ಲಿ ಚೆನ್ನಾಗಿ ತೇಲುವ ಹೊಸ ಮಾಟದ ಜಾವೆಲಿನ್‌ನಿಂದ 80 ಮೀಟರ್ ದಾಟಿದ. 1964ರಲ್ಲಿ ನಾರ್ವೆಯ ಟೆರ್ಯೆ ಪೆಡರ್ಸನ್ 90 ದಾಟಿದ. 1984ರ ಜುಲೈ 20ರಂದು ಪೂರ್ವ ಬರ್ಲಿನ್‌ನಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದ. 100 ಮೀಟರ್ ದಾಟಿದವನು ಇಂದಿಗೂ ಅವನೊಬ್ಬನೇ.

ಆ ಎಸೆತ ಆಟವನ್ನೇ ಬದಲಾಯಿಸಿತು. ಜಾವೆಲಿನ್ ಮೈದಾನ ದಾಟಿ ಹೋಗುವ ಅಪಾಯವಿತ್ತು. ಅದು ಅಡ್ಡವಾಗಿ ಬಿದ್ದಾಗ ಎಸೆತ ಸಿಂಧುವೋ ಅಲ್ಲವೋ ಎಂಬ ಜಗಳವೂ ಮೊದಲಿನಿಂದ ಇತ್ತು. 1986ರ ಏಪ್ರಿಲ್‌ನಿಂದ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಲಾಯಿತು. ಅದು ಬೇಗ ಮೂತಿ ಬಾಗಿಸಿ ನೆಲಕ್ಕೆ ನಾಟತೊಡಗಿತು, ದೂರ ಸುಮಾರು ಹತ್ತನೇ ಒಂದು ಪಾಲು ಕುಗ್ಗಿತು. ಹಳೆಯ ದಾಖಲೆಪುಸ್ತಕ ಮುಚ್ಚಿ ಹೊಸದು ತೆರೆಯಿತು. ಅದರ ಮೊದಲ ಹೆಸರು ಕ್ಲೌಸ್ ತಾಫೆಲ್ಮಯರ್, 85.74 ಮೀಟರ್. ಅನಂತರ ತಯಾರಕರು ಬಾಲವನ್ನು ಒರಟಾಗಿಸಿ ಕಳೆದುಕೊಂಡ ದೂರವನ್ನು ಮರಳಿ ಪಡೆಯತೊಡಗಿದರು. 1991ರಲ್ಲಿ ಅದನ್ನೂ ನಿಷೇಧಿಸಿ, ಆ ಬಗೆಯ ಜಾವೆಲಿನ್‌ಗಳಿಂದ ಆದ ದಾಖಲೆಗಳನ್ನು ಅಳಿಸಲಾಯಿತು. ಫಿನ್ಲೆಂಡಿನ ಸೆಪ್ಪೊ ರ್‍ಯಾಟಿಯ 96.96 ಮೀಟರ್ ಹಾಗೆ ಹೋಯಿತು. 1996ರ ಮೇ 25ರಂದು ಚೆಕ್ ಗಣರಾಜ್ಯದ ಯಾನ್ ಜೆಲೆಜ್ನಿ ಎಸೆದ 98.48 ಮೀಟರ್ ಅಂದಿನಿಂದ ವಿಶ್ವದಾಖಲೆ.

ಈ ಚರಿತ್ರೆಯ ಒಂದು ಎಳೆ ಕುರೆಕುಪ್ಪದ ಪಕ್ಕಕ್ಕೆ ಬರುತ್ತದೆ. ಜೆಎಸ್‌ಡಬ್ಲ್ಯು ಸಂಸ್ಥೆ 2018ರಲ್ಲಿ ತೋರಣಗಲ್ಲಿನ ತನ್ನ ಉಕ್ಕಿನ ಪಟ್ಟಣದಲ್ಲಿ ‘ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್’ ಎಂಬ ತರಬೇತಿ ಕೇಂದ್ರ ತೆರೆಯಿತು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್ ತರಬೇತಿಯ ಜೊತೆಗೆ ಫಿಸಿಯೊಥೆರಪಿ, ಆಹಾರ ಕ್ರಮ, ಚಲನೆಯ ವಿಶ್ಲೇಷಣೆಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಭಾರತದ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಚೇತರಿಸಿಕೊಳ್ಳುವ ದಿನಗಳನ್ನು ಕಳೆದ ಕೇಂದ್ರ ಇದು. ಹಳೆಯ ಜಾವೆಲಿನ್‌ನ ಶಿಖರಕ್ಕೇರಿದ ಉವೆ ಹೋನ್ 2018ರಲ್ಲಿ ಅವರ ಕೋಚ್ ಆಗಿದ್ದ. ಆ ವರ್ಷ ಅವರು ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ ಚಿನ್ನ ಗೆದ್ದರು. ಹೊಸ ಜಾವೆಲಿನ್‌ನ ದಾಖಲೆಗಾರ ಜೆಲೆಜ್ನಿಯನ್ನು 2024ರ ಕೊನೆಗೆ ಕೋಚ್ ಆಗಿ ಆರಿಸಿಕೊಂಡರು. ಎರಡು ದಾಖಲೆಪುಸ್ತಕಗಳ ತುದಿಯಲ್ಲಿರುವ ಇಬ್ಬರೂ ಒಬ್ಬನೇ ಶಿಷ್ಯನಿಗೆ ಗುರುಗಳಾದರು.

ನೀರಜ್ ಅವರ ಅತಿ ದೂರದ ಎಸೆತ 2025ರ ಮೇ ತಿಂಗಳಲ್ಲಿ ದೋಹಾದಲ್ಲಿ ಬಂದ 90.23 ಮೀಟರ್. ಹೋನ್‌ನ 104.80ರ ಪಕ್ಕ ಇಟ್ಟರೆ 14 ಮೀಟರಿಗೂ ಹೆಚ್ಚು ಹಿಂದೆ. ಆದರೆ ಎರಡೂ ಎಸೆದದ್ದು ಬೇರೆ ಬೇರೆ ಸಾಧನದಿಂದ. ಮೀಟರು ಒಂದೇ ಆದರೂ ಹೋಲಿಕೆ ಸಾಗದು. ಹೋನ್‌ಗೆ ಒಲಿಂಪಿಕ್ಸ್ ಪದಕವೇ ಇಲ್ಲ, ಅವನ ಉಚ್ಛ್ರಾಯದ ವರ್ಷವಾದ 1984ರಲ್ಲಿ ಪೂರ್ವ ಜರ್ಮನಿ ಲಾಸ್ ಏಂಜಲಿಸ್ ಕೂಟವನ್ನು ಬಹಿಷ್ಕರಿಸಿತ್ತು. ನೀರಜ್ ಅವರ ಎರಡು ಒಲಿಂಪಿಕ್ಸ್‌ಗಳಲ್ಲೂ ಇಂಥದೇ ವಿಚಿತ್ರವಿದೆ. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರಿಗೆ ಚಿನ್ನ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದಕ್ಕಿಂತ ದೂರ, 89.45 ಮೀಟರ್ ಎಸೆದರೂ ಬೆಳ್ಳಿ. ಪಾಕಿಸ್ತಾನದ ಅರ್ಷದ್ ನದೀಮ್ 92.97 ಎಸೆದಿದ್ದ. ಸಾಧನ ಒಂದೇ, ಎಸೆದವನು ಒಬ್ಬನೇ. ಎದುರಾಳಿ ಬದಲಾದ ಮಾತ್ರಕ್ಕೆ ಪದಕದ ಬಣ್ಣ ಬದಲಾಯಿತು.

ಉಳಿಯುವ ಅಳತೆಗಳು

ಇಷ್ಟೂ ಆಟಗಳ ಅನುಭವದಿಂದ ಹೋಲಿಕೆಗೆ ಒಂದು ಕ್ರಮ ಸಿಗುತ್ತದೆ. ಮೊದಲು ಸಾಧನ, ನೆಲ, ನಿಯಮಗಳು ಒಂದೇ ಆಗಿದ್ದವೇ ಎಂದು ನೋಡಬೇಕು. ಇಲ್ಲವಾದರೆ ಅಂಕಿಗಳನ್ನು ನೇರವಾಗಿ ಅಕ್ಕಪಕ್ಕ ಇಡಬಾರದು. ಎರಡನೆಯದಾಗಿ ಆಟಗಾರ ತನ್ನ ಕಾಲದವರಿಗಿಂತ ಎಷ್ಟು ಮುಂದಿದ್ದ ಎಂದು ಅಳೆಯಬೇಕು; ಕಾಲ ಕಾಲದ ನಡುವೆ ದಾಟಿಸಬಹುದಾದ ಅಳತೆಗಳಲ್ಲಿ ಹೆಚ್ಚು ನಂಬಬಹುದಾದದ್ದು ಇದು. ಮೂರನೆಯದಾಗಿ ಆ ಕಾಲದ ಕಣ ಎಷ್ಟು ದೊಡ್ಡದಿತ್ತು, ಅದರೊಳಗೆ ಯಾರಿಗೆ ಪ್ರವೇಶವಿರಲಿಲ್ಲ ಎಂದು ನೋಡಿ ಆ ಮುನ್ನಡೆಯ ಬೆಲೆ ಕಟ್ಟಬೇಕು.

ಇಷ್ಟು ಮಾಡಿದ ಮೇಲೂ ಉಳಿಯುವುದು ಉಚ್ಛ್ರಾಯ ಮತ್ತು ಒಟ್ಟು ಗಳಿಕೆಗಳ ನಡುವಿನ ಆಯ್ಕೆ. ಓವಲ್‌ನ ಒಂದು ಮಧ್ಯಾಹ್ನಕ್ಕೆ ಬೆಲೆ ಕೊಡುವವರಿಗೆ ಚಂದ್ರಶೇಖರ್ ಹೆಚ್ಚು, ಹದಿನೆಂಟು ವರ್ಷ ಹೊರೆ ಹೊತ್ತದ್ದಕ್ಕೆ ಬೆಲೆ ಕೊಡುವವರಿಗೆ ಕುಂಬ್ಳೆ ಹೆಚ್ಚು. ಕೋಫ್ಯಾಕ್ಸ್ ಮತ್ತು ಟಾಮಿ ಜಾನ್ ನಡುವಿನ ತೀರ್ಮಾನವೂ ಹೀಗೆಯೇ. ಆಟ ಯಾತಕ್ಕೆ ಎಂಬ ಬಗ್ಗೆ ತೂಗುವವರಿಗಿರುವ ನಂಬಿಕೆಯ ಮೇಲೆ ನಿಂತ ಆಯ್ಕೆ ಅದು. ಅಂಕಿಅಂಶ ಅದನ್ನು ಮಾಡಿಕೊಡಲಾರದು. ಆಯ್ಕೆ ಯಾವುದೆಂದು ಮೊದಲೇ ಹೇಳಿ ಹೋಲಿಸಿದರೆ ವಾದಕ್ಕೆ ಆಧಾರವಿರುತ್ತದೆ; ಹೇಳದೆ ಹೋಲಿಸಿದಾಗ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ.